‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಅಂತ ನಂಬಿ ಲಂಡನ್‌ಗೆ ಬಿಸಿನೆಸ್ ಓದೋಕೆ ಹೊರಟಿದ್ದೀರಾ? ದಯವಿಟ್ಟು ಮೊದಲು ಇದನ್ನ ಓದಿ

ಇದನ್ನ ಬರೀಬೇಕು ಅಂತ ಅಂದುಕೊಂಡು ಎಂಟು ತಿಂಗಳಾಯ್ತು. ಬರೆಯಲಿಲ್ಲ, ಯಾಕಂದ್ರೆ ನಾಚಿಕೆ. ಮನೆಯವರಿಗೂ ಅರ್ಧ ವಿಷಯ ಹೇಳಿಲ್ಲ. ಆದರೆ ಹೋದ ವಾರ ಕಾಲೇಜಿನ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದಳು: “ಅಕ್ಕಾ, ನೀವು ಹೋದ ಕನ್ಸಲ್ಟೆನ್ಸಿಯಲ್ಲೇ ನಾನೂ ಫೈಲ್ ಹಾಕ್ತಿದ್ದೀನಿ. ಅವರ ಪೋಸ್ಟರ್‌ನಲ್ಲಿ ನಿಮ್ಮ ಫೋಟೋ ನೋಡಿ ಧೈರ್ಯ ಬಂತು.” ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನು ಸುಮ್ಮನಿದ್ರೆ ನಾನೂ ಅವರ ಜೊತೆ ಸೇರಿ ಮೋಸ ಮಾಡಿದ ಹಾಗೇ.

ನಾನು ಸೇರಿದ್ದು ಎಂ.ಎಸ್ಸಿ. ಇಂಟರ್‌ನ್ಯಾಷನಲ್ ಬಿಸಿನೆಸ್ ‘ವಿತ್ ಪ್ಲೇಸ್‌ಮೆಂಟ್’. ಎರಡು ವರ್ಷದ ಕೋರ್ಸು, 2024ರ ಸೆಪ್ಟೆಂಬರ್ ಇನ್‌ಟೇಕ್. ಬಿ.ಕಾಂ. ಮುಗಿಸಿದ್ದೆ, ಮಾರ್ಕ್ಸ್ ಚೆನ್ನಾಗಿತ್ತು, ಐಇಎಲ್‌ಟಿಎಸ್‌ನಲ್ಲಿ 7 ಬಂದಿತ್ತು. ಅಪ್ಪನೂ ನಾನೂ ಜೊತೆಯಲ್ಲೇ ಕನ್ಸಲ್ಟೆನ್ಸಿಗೆ ಹೋಗಿದ್ವಿ. ಅಲ್ಲಿನ ಕೌನ್ಸೆಲರ್ ಅಪ್ಪನಿಗೆ ಮೊದಲು ಹೇಳಿದ ಮಾತು, “ಅಂಕಲ್, ಇವಳು ನನ್ನ ತಂಗಿ ಇದ್ದ ಹಾಗೆ.” ಆಮೇಲೆ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ. ಹಸಿರು ಹುಲ್ಲುಹಾಸು, ಅದರಾಚೆ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ, ನಡುವೆ ಗಡಿಯಾರದ ಗೋಪುರ. “ಇದೇ ನಿಮ್ಮ ಮಗಳ ಯೂನಿವರ್ಸಿಟಿ.”

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಎರಡನೇ ವರ್ಷ ಕಂಪನಿಯಲ್ಲಿ ಕೆಲಸ ಅಂತೀರಲ್ಲ ಸರ್, ಸಿಗದೇ ಇದ್ರೆ?”

“ಸಿಗದೇ ಇರೋದು ಅನ್ನೋ ಮಾತೇ ಇಲ್ಲ ಅಂಕಲ್. ಯೂನಿವರ್ಸಿಟಿನೇ ಕೊಡಿಸುತ್ತೆ. ಕೋರ್ಸಿನ ಹೆಸರಲ್ಲೇ ಪ್ಲೇಸ್‌ಮೆಂಟ್ ಅಂತ ಇದೆಯಲ್ಲ! ಗ್ಯಾರಂಟಿ. ಆ ಸಂಬಳದಲ್ಲೇ ಸಾಲದ ಅರ್ಧ ತೀರುತ್ತೆ.”

ಕೋರ್ಸಿನ ಹೆಸರಲ್ಲೇ ಇದೆಯಲ್ಲ. ಈ ಮಾತು ಇವತ್ತಿಗೂ ಕಿವಿಯಲ್ಲಿ ಗುಂಯ್ ಅನ್ನುತ್ತೆ. ನಮಗೂ ಅದು ಸರಿ ಅನ್ನಿಸಿತ್ತು. ಮನೆ ಪತ್ರ ಬ್ಯಾಂಕಲ್ಲಿ ಅಡ ಇಟ್ಟು ಸಾಲ ತಗೊಂಡ್ವಿ. ಮೊದಲ ವರ್ಷದ ಫೀಸು 16,500 ಪೌಂಡ್. ಅದರ ಮೇಲೆ ಲಂಡನ್ ಅಂದರೆ ತಿಂಗಳಿಗೆ 1,334 ಪೌಂಡಿನ ಲೆಕ್ಕದಲ್ಲಿ ಒಂಬತ್ತು ತಿಂಗಳ ಖರ್ಚು, ಒಟ್ಟು 12,006 ಪೌಂಡ್ ಬ್ಯಾಂಕಲ್ಲಿ ಇದೆ ಅಂತ ವೀಸಾಕ್ಕೆ ತೋರಿಸಬೇಕಿತ್ತು. ವೀಸಾ ಫೀಸು 490, ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಕಟ್ಟೋ ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 776. ಇದೆಲ್ಲ ಆಗಿನ ದರ, ಈಗ ಕೆಲವು ಇನ್ನೂ ಏರಿವೆ. ಎಲ್ಲ ಕಟ್ಟಿದ್ವಿ. “ನಿಮ್ಮ ಹತ್ರ ನಾವು ಒಂದು ರೂಪಾಯಿನೂ ತಗೊಳ್ಳಲ್ಲ” ಅಂತ ಕೌನ್ಸೆಲರ್ ಹೇಳಿದಾಗ ಅಮ್ಮ ಅವನಿಗೆ ಕೈ ಮುಗಿದಿದ್ದಳು. ನಮ್ಮ ಹತ್ರ ಯಾಕೆ ತಗೋಬೇಕು? ಸೀಟು ತುಂಬಿಸಿದ್ದಕ್ಕೆ ಕಮಿಷನ್ ಯೂನಿವರ್ಸಿಟಿಯೇ ಕೊಡುತ್ತೆ, ಅದೂ ನಾವು ಕಟ್ಟೋ ಫೀಸಿನಿಂದಲೇ. ಇದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದಮೇಲೆ, ಬೇರೆ ಹುಡುಗರ ಬಾಯಿಂದ.

ಮೊದಲನೇ ದಿನ. ಈಸ್ಟ್ ಹ್ಯಾಮ್‌ನಲ್ಲಿ ರೂಮು, ಅಲ್ಲಿಂದ ಟ್ಯೂಬು ಅನ್ನೋ ಮೆಟ್ರೋ, ಆಮೇಲೆ ಡಿಎಲ್‌ಆರ್ ಅನ್ನೋ ಲೈಟ್ ರೈಲು. ಮ್ಯಾಪ್ ತೋರಿಸಿದ ಕಡೆ ಇಳಿದು ನಡೆದರೆ ಸುತ್ತ ಎಲ್ಲಾ ಗಾಜಿನ ಕಟ್ಟಡ, ಕೋಟು ಹಾಕಿಕೊಂಡು ಓಡೋ ಜನ. ದಾರಿ ತಪ್ಪಿದೆ ಅಂದುಕೊಂಡು ಎರಡು ಸಲ ಅದೇ ಬೀದಿ ಸುತ್ತಿದೆ. ಕೊನೆಗೆ ಒಳಗೆ ಹೋಗಿ ಸೆಕ್ಯುರಿಟಿಯವರನ್ನ ಕೇಳಿದೆ. ಆತ ತಿರುಗಿ ಕೇಳಿದ್ದು, “ಯಾವ ಕಂಪನಿ?” ಕಂಪನಿ ಅಲ್ಲ, ಯೂನಿವರ್ಸಿಟಿ ಅಂದೆ. ಲಿಫ್ಟಿನ ಪಕ್ಕದ ಬೋರ್ಡು ತೋರಿಸಿದ. ಒಂದು ಇನ್ಶೂರೆನ್ಸ್ ಕಂಪನಿ, ಒಂದು ಸಾಫ್ಟ್‌ವೇರ್ ಕಂಪನಿ, ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಯೂನಿವರ್ಸಿಟಿ ಹೆಸರು, ಪಕ್ಕದಲ್ಲಿ 4, 5 ಅಂತ ಮಹಡಿ ನಂಬರು. ಅಷ್ಟೇ. ಎರಡು ಮಹಡಿ. ಲೈಬ್ರರಿ ಅಂತ ತೋರಿಸಿದ್ದು ಎರಡು ಕಪಾಟು ಪುಸ್ತಕ, ಹನ್ನೆರಡು ಕಂಪ್ಯೂಟರ್ ಇರೋ ಒಂದು ಕೋಣೆ. ಕೆಂಪು ಇಟ್ಟಿಗೆ, ಹುಲ್ಲುಹಾಸು, ಗಡಿಯಾರ ಎಲ್ಲವೂ ಇಂಗ್ಲೆಂಡಿನ ಉತ್ತರದಲ್ಲಿ, ಇಲ್ಲಿಂದ ರೈಲಲ್ಲಿ ಮೂರು ಗಂಟೆ ದೂರ. ಇದು ‘ಲಂಡನ್ ಕ್ಯಾಂಪಸ್’. ನಡೆಸೋದು ಯೂನಿವರ್ಸಿಟಿ ಜೊತೆ ಒಪ್ಪಂದ ಮಾಡಿಕೊಂಡ ಬೇರೊಂದು ಖಾಸಗಿ ಕಂಪನಿ.

ಸಂಜೆ ಅಪ್ಪ ವಿಡಿಯೋ ಕಾಲ್ ಮಾಡಿದರು. ಅಕ್ಕಪಕ್ಕದವರೂ ಕೂತಿದ್ದರು. “ಎಲ್ಲಮ್ಮಾ, ಆ ಗಡಿಯಾರದ ಬಿಲ್ಡಿಂಗ್ ಒಂದ್ಸಲ ತೋರಿಸು, ಎಲ್ಲರೂ ನೋಡ್ತಾರೆ.” ಆ ಫೋಟೋನ ಅಪ್ಪ ಪ್ರಿಂಟ್ ಹಾಕಿಸಿ ಟಿವಿ ಪಕ್ಕ ಅಂಟಿಸಿದ್ದರು. ನಾನು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. “ಮಳೆ ಬರ್ತಿದೆ ಅಪ್ಪ, ನಾಳೆ ತೋರಿಸ್ತೀನಿ” ಅಂದೆ. ಮಳೆ ಬರ್ತಿರಲಿಲ್ಲ. ಮೋಸ ಹೋದೆ ಅಂತ ನನಗೆ ಖಚಿತವಾಗಿದ್ದು ಆ ಕ್ಷಣ. ಲಿಫ್ಟಿನ ಮುಂದೆ ನಿಂತಾಗಲೂ ಅಲ್ಲ, ಅಪ್ಪನಿಗೆ ಸುಳ್ಳು ಹೇಳಿದಾಗ.

ಕೌನ್ಸೆಲರ್‌ಗೆ ಅವತ್ತೇ ಮೆಸೇಜ್ ಹಾಕಿದೆ. ಉತ್ತರ: “ಡಿಗ್ರಿ ಸರ್ಟಿಫಿಕೇಟ್ ಮೇನ್ ಯೂನಿವರ್ಸಿಟಿದೇ ಬರುತ್ತಲ್ಲ, ಬಿಲ್ಡಿಂಗ್ ಕಟ್ಕೊಂಡು ಏನ್ ಮಾಡ್ತೀರಾ? ಲಂಡನ್ ಬೇಕು ಅಂದಿದ್ದು ನೀವೇ.” ನಾವು ಲಂಡನ್ ಬೇಕು ಅಂತ ಕೇಳಿರಲೇ ಇಲ್ಲ. ಆಫರ್ ಲೆಟರ್ ತೆಗೆದು ನೋಡಿದೆ. ‘ಲೊಕೇಶನ್: ಲಂಡನ್’ ಅಂತ ಇತ್ತು. ನಾನೂ ಅಪ್ಪನೂ ಓದಿದ್ವಿ. ಯೂನಿವರ್ಸಿಟಿ ಇರೋದೇ ಲಂಡನ್‌ನಲ್ಲಿ ಅಂದುಕೊಂಡಿದ್ವಿ.

ಆದರೂ ಸಮಾಧಾನ ಮಾಡಿಕೊಂಡೆ. ಕಟ್ಟಡ ಹೋಗಲಿ, ಪ್ಲೇಸ್‌ಮೆಂಟ್ ಇದೆಯಲ್ಲ ಅಂತ. ವಾರಕ್ಕೆ ಎರಡು ದಿನ ಕ್ಲಾಸು, ಉಳಿದ ದಿನ ಗೋದಾಮಿನಲ್ಲಿ ಕೆಲಸ, ವೀಸಾ ಪ್ರಕಾರ ವಾರಕ್ಕೆ 20 ಗಂಟೆ ಮಾತ್ರ. ಪಾಠ ಕೆಟ್ಟದಾಗಿತ್ತು ಅಂತ ಹೇಳಲ್ಲ, ಸ್ಟ್ರಾಟಜಿ ಪಾಠ ಮಾಡುತ್ತಿದ್ದ ಮೇಡಂ ತುಂಬ ಒಳ್ಳೆಯವರು.

ಜನವರಿಯಲ್ಲಿ ಕರಿಯರ್ ಆಫೀಸಿಗೆ ಹೋಗಿ ಕೇಳಿದೆ, ನನ್ನ ಪ್ಲೇಸ್‌ಮೆಂಟ್ ಯಾವ ಕಂಪನಿಯಲ್ಲಿ, ಯಾವಾಗ ತಿಳಿಸ್ತೀರಿ ಅಂತ. ಆ ಹುಡುಗಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದಳು: ಪ್ಲೇಸ್‌ಮೆಂಟ್ ನೀವೇ ಹುಡುಕಿಕೊಳ್ಳಬೇಕು. ನಾವು ಸಿವಿ ತಿದ್ದಿಕೊಡ್ತೀವಿ. ಜೂನ್ ಕೊನೆಯೊಳಗೆ ಸಿಗದಿದ್ದರೆ ನಿಮ್ಮನ್ನ ಒಂದು ವರ್ಷದ ಕೋರ್ಸಿಗೆ ವರ್ಗಾಯಿಸ್ತೀವಿ. ಮೈಯೆಲ್ಲಾ ತಣ್ಣಗಾಯ್ತು.

ನೂರ ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆ. ಇಂಟರ್‌ವ್ಯೂ ಆಗಿದ್ದು ಮೂರು. ಒಂದು ಕಡೆ ಎರಡನೇ ಸುತ್ತಿಗೂ ಹೋದೆ. ‘ಮುಂದೆ ನಿಮಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತಾ?’ ಅನ್ನೋ ಪ್ರಶ್ನೆಗೆ ‘ಹೌದು’ ಅಂದಮೇಲೆ ಅಲ್ಲಿಂದ ಮಾತಿಲ್ಲ. ನನ್ನ ಬ್ಯಾಚಿನಲ್ಲಿ ನನಗೆ ಗೊತ್ತಿದ್ದ ಮೂವತ್ತು ಜನರಲ್ಲಿ ಪ್ಲೇಸ್‌ಮೆಂಟ್ ಸಿಕ್ಕಿದ್ದು ಇಬ್ಬರಿಗೆ.

ಮತ್ತೆ ಕೌನ್ಸೆಲರ್‌ಗೆ ಫೋನ್. ನಾಲ್ಕು ದಿನ ಎತ್ತಲಿಲ್ಲ. ಐದನೇ ದಿನ ಎತ್ತಿದ.

“ನೋಡಮ್ಮ, ಗ್ಯಾರಂಟಿ ಅಂತ ನಾನು ಹೇಳಿದ್ದು ಅವಕಾಶಕ್ಕೆ. ಅವಕಾಶ ಕೊಟ್ಟಿದ್ದಾರಲ್ಲ? ಬಳಸಿಕೊಳ್ಳೋದು ನಿನ್ನ ಟ್ಯಾಲೆಂಟು.”

“ಅಪ್ಪನ ಮುಂದೆ ಕೊಡಿಸ್ತಾರೆ ಅಂದಿದ್ರಲ್ಲ ಅಣ್ಣ?”

“ಹಾಗೆ ನಾನು ಹೇಳಿರಲ್ಲ. ಇದ್ರೆ ಪ್ರೂಫ್ ಕಳಿಸು.”

ವಾಟ್ಸ್ಯಾಪ್ ತೆಗೆದು ಹುಡುಕಿದೆ. ಅದೇ ಮಾತನ್ನ ವಾಯ್ಸ್ ಮೆಸೇಜ್‌ನಲ್ಲೂ ಹೇಳಿದ್ದ, ಆ ಮೆಸೇಜ್‌ಗಳು ಒಂದೂ ಇಲ್ಲ. 90 ದಿನಕ್ಕೆ ತಾನಾಗೇ ಅಳಿಸಿಹೋಗೋ ಹಾಗೆ ಸೆಟ್ಟಿಂಗ್ ಹಾಕಿದ್ದ, ಮೊದಲ ದಿನದಿಂದ. ಚಾಟಿನ ತುದಿಯಲ್ಲಿ ಅದು ಬರೆದೂ ಇತ್ತು, ನಾನು ಗಮನ ಕೊಟ್ಟಿರಲಿಲ್ಲ. ಹೊಟ್ಟೆ ಉರೀತು. ಮೊದಲ ದಿನದಿಂದ! ತಂಗಿ ಇದ್ದ ಹಾಗೆ ಅಂದ ದಿನವೇ!

ಆಮೇಲೆ ಆಗಿದ್ದು ಬೇಗ ಹೇಳ್ತೀನಿ, ನೆನೆದರೆ ಸಂಕಟ ಆಗುತ್ತೆ. ಜೂನ್ ಮುಗೀತು, ಒಂದು ವರ್ಷದ ಕೋರ್ಸಿಗೆ ಹಾಕಿದರು. ಯೂನಿವರ್ಸಿಟಿ ಅದನ್ನ ವೀಸಾ ನೋಡಿಕೊಳ್ಳೋ ಇಲಾಖೆ ಹೋಮ್ ಆಫೀಸಿಗೆ ತಿಳಿಸಲೇಬೇಕು, ತಿಳಿಸಿದರು, ವೀಸಾ ಮೊಟಕಾಯ್ತು. ಉಳಿಯಬೇಕು ಅಂದರೆ ಓದು ಮುಗಿದವರಿಗೆ ಕೊಡೋ ಗ್ರಾಜುಯೇಟ್ ವೀಸಾ: ಆಗ 880 ಪೌಂಡ್ ಫೀಸು, ಜೊತೆಗೆ ವರ್ಷಕ್ಕೆ 1,035ರಂತೆ ಎರಡು ವರ್ಷದ ಹೆಲ್ತ್ ಸರ್‌ಚಾರ್ಜ್. ಒಟ್ಟು 2,950 ಪೌಂಡ್, ಒಂದೇ ಕಂತಿನಲ್ಲಿ. ಸಂಬಳ ಬರಬೇಕಾಗಿದ್ದ ವರ್ಷದಲ್ಲಿ ಅಪ್ಪ ಮತ್ತೆ ಸಾಲ ಮಾಡಿದರು, ಈ ಸಲ ಕೈಸಾಲ. ಈಗ ನಾನು ಅದೇ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡ್ತಿದ್ದೀನಿ. ಅದಾದಮೇಲೂ ಉಳಿಯಬೇಕು ಅಂದರೆ ಕಂಪನಿ ಸ್ಪಾನ್ಸರ್ ಮಾಡೋ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದಕ್ಕೆ ಸಾಮಾನ್ಯ ಸಂಬಳದ ಮಿತಿ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್, ನಮ್ಮಂಥ ಹೊಸಬರಿಗೆ 33,400. ಬಂದ ಮೊದಲ ವರ್ಷ ಅಷ್ಟು ಸಂಬಳ ಕೊಟ್ಟು ಸ್ಪಾನ್ಸರ್ ಮಾಡೋರನ್ನ ಹುಡುಕೋದು ಎಷ್ಟು ಕಷ್ಟ ಅಂತ ಅಪ್ಲೈ ಮಾಡಿದವರಿಗೇ ಗೊತ್ತು.

ಯೂನಿವರ್ಸಿಟಿಗೆ ದೂರು ಕೊಟ್ಟೆ. “ಏಜೆಂಟರು ಬಾಯಲ್ಲಿ ಹೇಳಿದ ಮಾತಿಗೆ ನಾವು ಹೊಣೆಯಲ್ಲ, ಆಫರ್ ಲೆಟರಿನಲ್ಲಿ ಇರೋದೇ ಅಂತಿಮ” ಅಂತ ಎರಡು ಸಾಲು ಬರೆದು ಕೈ ತೊಳೆದುಕೊಂಡರು. ಅವರದೇ ವೆಬ್‌ಸೈಟಿನಲ್ಲಿ ಆ ಕನ್ಸಲ್ಟೆನ್ಸಿಯ ಹೆಸರು ‘ಅಧಿಕೃತ ಪ್ರತಿನಿಧಿ’ ಅಂತ ಇದೆ. ಕಮಿಷನ್ ಕೊಡುವಾಗ ನಿಮ್ಮವರು, ಸುಳ್ಳು ಹೇಳಿದಾಗ ಯಾರೋ? ಒಳಗಿನ ದೂರು ಮುಗಿದು ‘ಕಂಪ್ಲೀಶನ್ ಆಫ್ ಪ್ರೊಸೀಜರ್ಸ್’ ಪತ್ರ ಕೈಗೆ ಬಂದರೆ 12 ತಿಂಗಳೊಳಗೆ ಓಐಎ ಅನ್ನೋ, ವಿದ್ಯಾರ್ಥಿಗಳ ದೂರು ನೋಡೋ ಸ್ವತಂತ್ರ ಸಂಸ್ಥೆಗೆ ಹೋಗಬಹುದು, ದುಡ್ಡು ಕಟ್ಟಬೇಕಿಲ್ಲ. ನನ್ನ ಪತ್ರ ಮೊನ್ನೆ ಬಂತು. ಹೋಗ್ತೀನಿ. ಬಿಡಲ್ಲ.

ನೀವು ಹೊರಟಿದ್ದರೆ ಇಷ್ಟು ಮಾಡಿ. ‘ಪ್ಲೇಸ್‌ಮೆಂಟ್ ಯಾರು ಹುಡುಕಬೇಕು, ಹೋದ ವರ್ಷ ಇದೇ ಕೋರ್ಸಿನಲ್ಲಿ ಎಷ್ಟು ಜನಕ್ಕೆ ಸಿಕ್ತು, ಸಿಗದಿದ್ದರೆ ನನ್ನ ವೀಸಾ ಏನಾಗುತ್ತೆ’ ಅಂತ ಯೂನಿವರ್ಸಿಟಿಗೆ ನೀವೇ ಇಮೇಲ್ ಮಾಡಿ, ಏಜೆಂಟ್ ಮೂಲಕ ಬೇಡ. ಉತ್ತರ ಬರೋವರೆಗೂ ಡೆಪಾಸಿಟ್ ಕಟ್ಟಬೇಡಿ. ಕ್ಯಾಂಪಸ್ಸಿನ ಪೂರ್ತಿ ವಿಳಾಸ ಕೇಳಿ ಗೂಗಲ್ ಮ್ಯಾಪಿನ ಸ್ಟ್ರೀಟ್ ವ್ಯೂನಲ್ಲಿ ಬಾಗಿಲಿನವರೆಗೂ ಹೋಗಿ ನೋಡಿ. ಏಜೆಂಟ್ ಬಾಯಲ್ಲಿ ಹೇಳಿದ್ದೆಲ್ಲ ಇಮೇಲಿನಲ್ಲಿ ಬರೆಸಿಕೊಳ್ಳಿ, ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ. ‘ಓದಿದ ಮೇಲೆ ಎರಡು ವರ್ಷ ವೀಸಾ’ ಅಂತ ಈಗಲೂ ಹೇಳ್ತಿದ್ದಾರಂತೆ, ಅದೂ ಪೂರ್ತಿ ಸತ್ಯ ಅಲ್ಲ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಪಿಎಚ್.ಡಿ. ಬಿಟ್ಟರೆ 18 ತಿಂಗಳಷ್ಟೇ. ಈ ಸೆಪ್ಟೆಂಬರಿಗೆ ಹೊರಡೋರು ಇದೇ ಲೆಕ್ಕಕ್ಕೆ ಬರ್ತೀರಿ.

ಇನ್ನು ಆ ಪೋಸ್ಟರ್. ವಿಮಾನ ಹತ್ತೋ ದಿನ ಸೂಟ್‌ಕೇಸ್ ಹಿಡಿದು ನಿಂತಿದ್ದ ಫೋಟೋ ಅದು, ಅಮ್ಮ ತೆಗೆದಿದ್ದು. ಕೌನ್ಸೆಲರ್ ಕೇಳಿದ ಅಂತ ಕಳಿಸಿದ್ದೆ. ಈಗ ಅದರ ಮೇಲೆ ‘ಲಂಡನ್ ಕಂಪನಿಯಲ್ಲಿ ಪ್ಲೇಸ್ ಆದ ನಮ್ಮ ವಿದ್ಯಾರ್ಥಿನಿ’ ಅಂತ ಬರೆದು, ಹಿಂದೆ ಅದೇ ಗಡಿಯಾರದ ಗೋಪುರ ಅಂಟಿಸಿದ್ದಾರೆ. ತೆಗೀರಿ ಅಂತ ಮೂರು ಸಲ ಬರೆದೆ. ಬಂದ ಉತ್ತರ, “ಡಿಸೈನ್ ಟೀಮ್‌ಗೆ ಹೇಳ್ತೀವಿ. ಜೂನಿಯರ್ಸ್ ಯಾರಾದ್ರೂ ಇದ್ರೆ ಕಳಿಸಿಕೊಡಿ, ರೆಫರಲ್ ಬೋನಸ್ ಇದೆ.” ನಾಲ್ಕನೇ ಸಲ ಬರೆಯೋಕೆ ಹೋದರೆ ನಂಬರ್ ಬ್ಲಾಕ್ ಆಗಿತ್ತು.

ನೀಲಿ ಸ್ವೆಟರ್, ಕೆಂಪು ಸೂಟ್‌ಕೇಸ್. ಆ ಪೋಸ್ಟರ್ ಕಂಡರೆ ಅದರಲ್ಲಿರೋ ಹುಡುಗಿಗೆ ಯಾವ ಪ್ಲೇಸ್‌ಮೆಂಟೂ ಸಿಕ್ಕಿಲ್ಲ ಅಂತ ಪಕ್ಕದಲ್ಲಿ ಕೂತವರಿಗೆ ಹೇಳಿ. ಜೂನಿಯರ್‌ಗೆ ಅವತ್ತು ರಾತ್ರಿನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಇನ್ನೂ ಡೆಪಾಸಿಟ್ ಕಟ್ಟಿಲ್ಲ.