ಏಳು ‘ಬೇಡ’ಗಳ ಪೆಟ್ಟಿಗೆ: ನಮ್ಮ ಮನೆಯಲ್ಲಿ ಒಂದು ವಾರ

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ನಮ್ಮ ಪಡಸಾಲೆಯ ಚಾಪೆ ತುಂಬ ಅಕ್ಕಿ. ಮಗಳಿಗೆ ಏಳು ವರ್ಷ, ಮಗನಿಗೆ ಐದು. ಇಬ್ಬರೂ ಮೊಣಕಾಲೂರಿ ಕೂತು ಒಂದೊಂದೇ ಕಾಳು ಆರಿಸಿ ಬಟ್ಟಲಿಗೆ ಹಾಕುತ್ತಿದ್ದರು. ಟಿವಿ ಕೇಳಲಿಲ್ಲ, ಮೊಬೈಲ್ ಕೇಳಲಿಲ್ಲ. ನಲವತ್ತು ನಿಮಿಷ ಹಾಗೇ ಕಳೆಯಿತು. ಆಗಲೇ ನನಗೆ ಅನ್ನಿಸಿತು, ಮಕ್ಕಳಿಗೆ ವಚನ ಕಲಿಸುವ ಈ ಪೆಟ್ಟಿಗೆಗೆ ಕೊಟ್ಟ 850 ರೂಪಾಯಿ ವ್ಯರ್ಥ ಆಗಲಿಲ್ಲ ಅಂತ. ಶನಿವಾರದ ಹೊತ್ತಿಗೆ ಅದರ ಒಂದು ಭಾಗವನ್ನು ನಾನೇ ಗೋಡೆಯಿಂದ ಕಿತ್ತು ತೆಗೆದೆ. ಎರಡನ್ನೂ ಬರೆಯುತ್ತೇನೆ.

ನಾವು ಧಾರವಾಡದವರು. ಎರಡು ವರ್ಷದಿಂದ ಮಕ್ಕಳಿಗೆ ಮನೆಯಲ್ಲೇ ಪಾಠ. ಕನ್ನಡ, ಲೆಕ್ಕ ಎರಡೂ ಹೇಗೋ ಸಾಗುತ್ತವೆ. ಮುಂದೆ ಮಗಳಿಗೆ ರಾಷ್ಟ್ರೀಯ ಮುಕ್ತ ಶಾಲೆಯ ‘ಎ’ ಹಂತ ಕಟ್ಟಿಸುವ ಯೋಚನೆ ಇದೆ, ಅದು ಮೂರನೆಯ ತರಗತಿಗೆ ಸಮ. ಆದರೆ ನಮ್ಮ ಮನೆಯ ಧರ್ಮವನ್ನು ಮಕ್ಕಳಿಗೆ ಹೇಗೆ ಹೇಳಿಕೊಡುವುದು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಅಜ್ಜಿ ರೊಟ್ಟಿ ಬಡಿಯುತ್ತಾ ವಚನ ಹೇಳುತ್ತಿದ್ದರು, ಕಿವಿಗೆ ಬಿದ್ದಿತ್ತು, ಅಷ್ಟೇ. ಹಾಗಾಗಿ ಪರಿಚಯದವರೊಬ್ಬರು ಈ ವಚನ ಪೆಟ್ಟಿಗೆಯ ಬಗ್ಗೆ ಹೇಳಿದಾಗ ಕೂಡಲೇ ತರಿಸಿದೆ. ಅಂಚೆ ಖರ್ಚು 90 ರೂಪಾಯಿ ಬೇರೆ.

ಪೆಟ್ಟಿಗೆಯ ಯೋಚನೆ ಸರಳವಾಗಿದೆ, ಚೆನ್ನಾಗಿದೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನ ನಮಗೆಲ್ಲ ಬಾಯಿಪಾಠ. ಅದರಲ್ಲಿ ಏಳು ‘ಬೇಡ’ಗಳಿವೆ. ವಾರಕ್ಕೆ ಏಳು ದಿನ. ದಿನಕ್ಕೊಂದು ‘ಬೇಡ’, ದಿನಕ್ಕೊಂದು ಬಟ್ಟೆಯ ಚೀಲ. ಚೀಲದಲ್ಲಿ ಕೈಯಲ್ಲಿ ಮಾಡುವ ಒಂದು ಕೆಲಸಕ್ಕೆ ಬೇಕಾದ ಸಾಮಾನು. ಜೊತೆಗೆ ದೊಡ್ಡವರಿಗೆ ಒಂದು ಕೈಪಿಡಿ, ಒಂದು ಸಣ್ಣ ವಿಭೂತಿ ಗಟ್ಟಿ, ಮತ್ತು ಒಂದು ಕಟ್ಟು ಅಂಕಿತದ ಕಾರ್ಡು. ಅಂಕಿತ ಅಂದರೆ ವಚನದ ಕೊನೆಗೆ ಬರುವ, ಬರೆದವರ ಗುರುತಿನ ಹೆಸರು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ನೋಡಿದವರಿಗೆ ಈ ದಾರಿ ಗುರುತು ಸಿಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯ ಹಾಗೆ ಇಲ್ಲೂ ಮಗು ಕಾರ್ಡು ಹಿಡಿದು ತಾನೇ ಮುಂದೆ ಹೋಗುತ್ತದೆ.

ಅಕ್ಕಿಯ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ‘ಕಳಬೇಡ’. ನಾನಾಗಿದ್ದರೆ ಕಳ್ಳನ ಕಥೆ ಹೇಳುತ್ತಿದ್ದೆ. ಇವರು ಆಯ್ದಕ್ಕಿ ಲಕ್ಕಮ್ಮನ ಕಥೆ ಇಟ್ಟಿದ್ದಾರೆ. ಗಂಡ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಬೇಕಾದ್ದಕ್ಕಿಂತ ಜಾಸ್ತಿ ತಂದುಕೊಳ್ಳುವುದೂ ಕಳವಿನ ಸಾಲಿಗೇ ಸೇರುತ್ತದೆ ಎಂದು ಐದು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು? ಮಕ್ಕಳು ಅಕ್ಕಿ ಆರಿಸಿದರು. ಇವತ್ತಿನ ಊಟಕ್ಕೆ ಎಷ್ಟು ಬೇಕು ಅಂತ ಅಜ್ಜನನ್ನು ಕೇಳಿ ಹಿಡಿ ಲೆಕ್ಕದಲ್ಲಿ ಅಳೆದರು. ಉಳಿದದ್ದನ್ನು ಡಬ್ಬಿಗೆ ಹಾಕಿದರು. ಸಂಜೆ ಬಟ್ಟೆ ಒಗೆಯುವಾಗ ಮಗನ ಚಡ್ಡಿಯ ಜೇಬಿನಲ್ಲಿ ಒಂದು ಹಿಡಿ ಅಕ್ಕಿ ಸಿಕ್ಕಿತು. ಕೇಳಿದರೆ, ‘ಗುಬ್ಬಿಗೆ’ ಎಂದ. ಗುಬ್ಬಿಗೆ ಅಂತ ಮುಚ್ಚಿಟ್ಟರೆ ಅದು ಕಳವೋ ಅಲ್ಲವೋ? ರಾತ್ರಿ ಊಟದ ತನಕ ಅಕ್ಕ-ತಮ್ಮನ ನಡುವೆ ಅದೇ ಮಾತು. ‘ಕೇಳಿ ತಗೋಬೇಕಿತ್ತು’ ಎಂದು ಮಗಳು ತೀರ್ಮಾನ ಕೊಟ್ಟಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಮಂಗಳವಾರ ‘ಕೊಲಬೇಡ’. ಇರುವೆ ಗೂಡಿನ ಹತ್ತಿರ ಹಿಟ್ಟು ಉದುರಿಸುವುದು, ಕೂತು ನೋಡುವುದು. ಮಕ್ಕಳಿಗೆ ಖುಷಿಯಾಯಿತು. ಆದರೆ ಸಂಜೆ ಮಗ ಸೊಳ್ಳೆ ಬ್ಯಾಟು ಕೈಯಲ್ಲಿ ಹಿಡಿದು ಬಂದ. ‘ಅವ್ವಾ, ಸೊಳ್ಳಿ ಹೊಡೀಬಹುದೇನು?’ ಕೈಪಿಡಿ ತೆರೆದು ನೋಡಿದೆ, ಒಂದು ಸಾಲೂ ಇಲ್ಲ. ಯಾವ ಮಗು ಆದರೂ ಕೇಳುವ ಪ್ರಶ್ನೆ ಇದು, ಅಲ್ವಾ? ಡೆಂಗಿ ಬರುವ ಕಾಲದಲ್ಲಿ ಸೊಳ್ಳೆಯನ್ನು ಬಿಡಲಿಕ್ಕೆ ಆಗುವುದಿಲ್ಲ, ಆದರೆ ಆಟಕ್ಕೆ ಕೊಲ್ಲುವುದು ಬೇಡ, ನೀರು ನಿಲ್ಲದ ಹಾಗೆ ಮೊದಲು ನೋಡಿಕೊಳ್ಳೋಣ ಎಂದೆ. ಮರುದಿನ ಇಬ್ಬರೂ ಹಿತ್ತಲಿನ ಕುಂಡಗಳ ತಟ್ಟೆ ಖಾಲಿ ಮಾಡಿದರು. ಮಕ್ಕಳ ಇಂಥ ಪ್ರಶ್ನೆಗಳಿಗೆ ಕೈಪಿಡಿಯಲ್ಲಿ ಎರಡು ಪುಟ ಇದ್ದಿದ್ದರೆ ಎಷ್ಟೋ ತಾಯಂದಿರಿಗೆ ಸಹಾಯ ಆಗುತ್ತಿತ್ತು.

ಬುಧವಾರ ‘ಹುಸಿಯ ನುಡಿಯಲು ಬೇಡ’. ಅದರ ಮಣಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಅನ್ನುತ್ತಾ, ನಿಜ ಹೇಳಿದಾಗೆಲ್ಲ ಒಂದು ಮಣಿ ಪೋಣಿಸುವುದು. ಮಣಿಯ ತೂತು ತೀರಾ ಚಿಕ್ಕದು, ಸಣ್ಣ ಮಕ್ಕಳ ಬೆರಳಿಗೆ ಆಗುವುದಿಲ್ಲ. ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಈ ಚೀಲ ತೆಗೆಯಲೇಬೇಡಿ. ಆದರೆ ಆ ವಚನದ ‘ಲಿಂಗ ಮೆಚ್ಚಿ ಅಹುದಹುದೆನಬೇಕು’ ಎಂಬ ಮಾತು ಮಗನ ಬಾಯಿಗೆ ಹತ್ತಿತು. ಈಗ ಏನು ಹೇಳಿದರೂ ‘ಅಹುದಹುದು’ ಎನ್ನುತ್ತಾನೆ.

ಗುರುವಾರ ‘ಮುನಿಯಬೇಡ’. ಚೀಲದಲ್ಲಿ ಒಂದು ಕಟ್ಟು ತೆಂಗಿನ ನಾರು. ಸಿಟ್ಟು ಬಂದರೆ ಕೂತು ಹಗ್ಗ ಹೊಸೆಯಿರಿ ಎಂದು ಬರೆದಿದ್ದಾರೆ. ಕಥೆ ನುಲಿಯ ಚಂದಯ್ಯನದು. ಹುಲ್ಲು ಕೊಯ್ಯುವಾಗ ಅವರ ಲಿಂಗ ನೀರಿಗೆ ಬಿತ್ತು, ಅವರು ಅದನ್ನು ಬಿಟ್ಟು ಕಾಯಕಕ್ಕೆ ನಡೆದರು, ಲಿಂಗವೇ ಹಿಂದೆ ಬಂತು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ನನ್ನ ಮಗಳಿಗೆ ಇದು ದೊಡ್ಡ ಗೊಂದಲ. ಬಿದ್ದರೆ ಯಾಕೆ ಎತ್ತಿಕೊಳ್ಳಲಿಲ್ಲ? ಕಾಯಕ ಅಷ್ಟು ದೊಡ್ಡದು ಅಂತ ಕಥೆ ಹೇಳುತ್ತದೆ ಎಂದು ಮಾವ ವಿವರಿಸಿದರು. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಆಗದಿದ್ದರೂ ಪರವಾಗಿಲ್ಲ, ಹತ್ತು ವರ್ಷ ಬಿಟ್ಟು ಮತ್ತೆ ಕೇಳಲಿ. ಸಿಟ್ಟಿಗೆ ಹೊಂದುವ ಕಥೆಯೂ ಇದಲ್ಲ ಎಂದು ನನ್ನ ಅನಿಸಿಕೆ. ಮನೆಯೊಳಗಿನ ಕಿಚ್ಚು ಮೊದಲು ಆ ಮನೆಯನ್ನೇ ಸುಡುತ್ತದೆ ಎನ್ನುವ ಬಸವಣ್ಣನವರ ವಚನ ಸಾಕಿತ್ತು. ಹಗ್ಗ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ನಾನೂ ಒಂದು ಗೇಣು ಹೊಸೆದಿದ್ದೇನೆ.

ಈಗ ಶುಕ್ರವಾರ. ‘ಅನ್ಯರಿಗೆ ಅಸಹ್ಯಪಡಬೇಡ.’ ನನಗೆ ಪೆಟ್ಟಿಗೆಯ ಮೇಲೆ ನಿಜವಾಗಿ ಬೇಸರ ಆದದ್ದು ಇಲ್ಲಿ. ಕೈಪಿಡಿಯಲ್ಲಿ ಮಡಿವಾಳ ಮಾಚಿದೇವರ ಚಿತ್ರ ಇದೆ, ಅಂಬಿಗರ ಚೌಡಯ್ಯನವರ ಚಿತ್ರ ಇದೆ, ಹರಳಯ್ಯನವರ ಚಿತ್ರ ಇದೆ. ಕೆಳಗೆ ‘ಎಲ್ಲರೊಂದಿಗೆ ಸ್ನೇಹದಿಂದ ಇರೋಣ’ ಎಂದು ಬರೆದು ಮುಗಿಸಿದ್ದಾರೆ. ಜಾತಿ ಎಂಬ ಪದವೇ ಇಲ್ಲ. ಹರಳಯ್ಯ ಚಪ್ಪಲಿ ಹೊಲಿಯುವವರು, ಹುಟ್ಟಿನ ಕಾರಣಕ್ಕೆ ಜನ ಅವರನ್ನು ದೂರ ಇಟ್ಟಿದ್ದರು, ಕಲ್ಯಾಣದಲ್ಲಿ ಶರಣರು ಅವರ ಪಕ್ಕದಲ್ಲಿ ಕೂತರು. ಇಷ್ಟನ್ನು ಹೇಳದಿದ್ದರೆ ಕಲ್ಯಾಣದಲ್ಲಿ ನಡೆದದ್ದು ಏನು ಅಂತ ಮಗುವಿಗೆ ಹೇಗೆ ತಿಳಿಯಬೇಕು? ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾದ ಮೇಲೆ ಏನಾಯಿತು ಎಂಬ ಘೋರವನ್ನು ಐದು ವರ್ಷದವರಿಗೆ ಹೇಳಬೇಕಿಲ್ಲ, ಒಪ್ಪುತ್ತೇನೆ. ಆದರೆ ದೂರ ಇಟ್ಟಿದ್ದರು ಎಂಬುದನ್ನು ಹೇಳಬೇಕು. ನಾನು ಹೇಳಿದೆ.

ಹೇಳಿದ ಅರ್ಧ ಗಂಟೆಗೆ ಮಗಳು ಅಡುಗೆಮನೆಗೆ ಬಂದಳು. ‘ಅವ್ವಾ, ಭಾಂಡೆ ತಿಕ್ಕೋ ಅಕ್ಕನ ಕಪ್ಪು ಹೊರಗ್ಯಾಕ ಇಡ್ತೀವಿ?’

ನಮ್ಮ ಹಿತ್ತಲ ಕಿಟಕಿಯಲ್ಲಿ ಒಂದು ಸ್ಟೀಲ್ ಕಪ್ಪು ಇತ್ತು. ನಾನು ಮದುವೆಯಾಗಿ ಬಂದಾಗಿನಿಂದ ಇತ್ತು. ಅಕ್ಕನಿಗೆ ಅದರಲ್ಲೇ ಚಹಾ. ನಾನು ಅದನ್ನು ದಿನಾ ನೋಡಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಮಗಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಕಪ್ಪು ತೊಳೆದು ಒಳಗಿನ ಸ್ಟ್ಯಾಂಡಿನಲ್ಲಿ ನಮ್ಮ ಕಪ್ಪುಗಳ ಜೊತೆ ಇಟ್ಟೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಅಕ್ಕನಿಗೆ ಚಹಾ ಕೊಡಲು ಮಗಳೇ ಕಪ್ಪು ತೆಗೆದಳು. ಕೈಗೆ ಬಂದದ್ದು ಅಜ್ಜನ ಕಪ್ಪು. ಅತ್ತೆಯ ಮುಖ ಬಿಗಿಯಾಯಿತು. ಈಗಲೂ ಆ ಬಿಗಿ ಪೂರ್ತಿ ಸಡಿಲ ಆಗಿಲ್ಲ, ಆದರೆ ಕಪ್ಪು ಕಿಟಕಿಗೆ ವಾಪಸು ಹೋಗಿಲ್ಲ. ಪೆಟ್ಟಿಗೆ ಹೇಳದೆ ಬಿಟ್ಟ ಪಾಠವೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನಡೆಯಿತು.

ಗೋಡೆಯಿಂದ ಕಿತ್ತದ್ದು ಶನಿವಾರ. ಪೆಟ್ಟಿಗೆಯಲ್ಲಿ ಒಂದು ದೊಡ್ಡ ಹಾಳೆ ಬರುತ್ತದೆ, ಮಕ್ಕಳ ಹೆಸರು ಬರೆದು ಗೋಡೆಗೆ ಅಂಟಿಸಲಿಕ್ಕೆ. ಬೆಳಗ್ಗೆ ವಿಭೂತಿ ಹಚ್ಚಿದರೆ ಒಂದು ನಕ್ಷತ್ರದ ಸ್ಟಿಕ್ಕರ್, ವಚನ ಹೇಳಿದರೆ ಒಂದು, ಜಗಳ ಆಡದಿದ್ದರೆ ಒಂದು. ಮೊದಲ ಮೂರು ದಿನ ಮಕ್ಕಳು ಉತ್ಸಾಹದಿಂದ ಹಚ್ಚಿದರು. ಶುಕ್ರವಾರದ ಹೊತ್ತಿಗೆ ಮಗನಿಗೆ ಹದಿನಾಲ್ಕು, ಮಗಳಿಗೆ ಹನ್ನೊಂದು. ಮನೆಗೆ ಬಂದವರಿಗೆಲ್ಲ ಮಗ ಕೈ ಹಿಡಿದು ತೋರಿಸುತ್ತಿದ್ದ. ಲಿಂಗದ ಮುಂದೆ ಐದು ನಿಮಿಷ ಕೂತವನು ಕಣ್ಣು ಬಿಟ್ಟು ಮೊದಲು ಕೇಳುವುದು ನಕ್ಷತ್ರ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಶನಿವಾರದ ಪಾಠ ‘ತನ್ನ ಬಣ್ಣಿಸಬೇಡ’. ಪುಟದ ಮೇಲೆ, ನಮ್ಮನ್ನು ನಾವೇ ಹೊಗಳಿಕೊಳ್ಳಬಾರದು ಎಂದು ಚೆನ್ನಾಗಿ ವಿವರಿಸಿದ್ದಾರೆ. ಅದೇ ಪುಟದ ಕೆಳಗೆ, ಇವತ್ತು ಹೊಗಳಿಕೊಳ್ಳದಿದ್ದ ಮಗುವಿಗೆ ಎರಡು ನಕ್ಷತ್ರ ಎಂದಿದೆ. ನಾನು ಜೋರಾಗಿ ಓದಿದೆ. ಮಗಳು ಹಾಳೆಯ ಕಡೆ ನೋಡಿದಳು. ‘ಹೇಳ್ಕೋಬಾರದು ಅಂದ್ರ ಗ್ವಾಡಿಗೆ ಯಾಕ ಹಚ್ಚೂದು?’

ಅಷ್ಟೇ. ಹಾಳೆ ತೆಗೆದೆ. ಮಗ ಅತ್ತ, ಬಹಳ ಅತ್ತ. ನಕ್ಷತ್ರಗಳನ್ನು ಅವನ ಚಿತ್ರದ ಪುಸ್ತಕಕ್ಕೆ ಹಚ್ಚಿಕೋ ಎಂದೆ, ರಾತ್ರಿಯ ಆಕಾಶ ಬರೆದುಕೊಂಡ. ಭಾನುವಾರ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳಲು ಅವನು ಬರಲಿಲ್ಲ. ನಾನು ಕರೆಯಲೂ ಇಲ್ಲ. ಅಜ್ಜ ಹಚ್ಚಿಕೊಳ್ಳುವಾಗ ಪಕ್ಕದಲ್ಲಿ ಹೋಗಿ ನಿಂತು ಹಣೆ ಒಡ್ಡಿದ. ನನಗೆ ಬೇಕಿದ್ದದ್ದು ಅದು. ಈ ಪೆಟ್ಟಿಗೆ ತರಿಸುವವರು ನಕ್ಷತ್ರದ ಹಾಳೆಯನ್ನು ಮಕ್ಕಳಿಗೆ ತೋರಿಸದೆ ಮೊದಲೇ ತೆಗೆದಿಡಿ ಎಂದು ನಾನು ಕೈ ಮುಗಿದು ಹೇಳುತ್ತೇನೆ.

ಅಂಕಿತದ ಕಾರ್ಡುಗಳಂತೂ ಬಹಳ ಚೆನ್ನಾಗಿವೆ. ಒಂದು ಕಾರ್ಡಿನಲ್ಲಿ ಶರಣರ ಹೆಸರು, ಇನ್ನೊಂದರಲ್ಲಿ ವಚನ ಮತ್ತು ಅಂಕಿತ. ಜೋಡಿ ಹುಡುಕಬೇಕು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮರಿಗೆ ಗುಹೇಶ್ವರ, ಮಾಚಿದೇವರಿಗೆ ಕಲಿದೇವರದೇವ. ಅಂಬಿಗರ ಚೌಡಯ್ಯ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡಿದ್ದು ಮಗನಿಗೆ ಭಾರಿ ಇಷ್ಟ. ಇನ್ನೂ ಓದಲು ಬಾರದಿದ್ದರೂ ಅಕ್ಷರದ ಆಕಾರ ನೋಡಿ ಜೋಡಿ ಹಿಡಿಯುತ್ತಾನೆ. ಕಾರ್ಡು ದಪ್ಪ ಇದೆ, ನೀರು ಬಿದ್ದರೂ ಹಾಳಾಗಲಿಲ್ಲ. ಅಕ್ಷರ ಮಾತ್ರ ಇನ್ನಷ್ಟು ದೊಡ್ಡದಿರಬೇಕಿತ್ತು.

ಒಂದು ಕಾರ್ಡಿನಲ್ಲಿ ತಪ್ಪಿತ್ತು. ಹಿಡಿದವರು ಮಾವ. ಅವರು ಓದುವಾಗ ಮುರುಘಾಮಠದ ಪ್ರಸಾದ ನಿಲಯದಲ್ಲಿ ಇದ್ದವರು, ವಚನಗಳು ಅವರಿಗೆ ಬಾಯಲ್ಲೇ ಇವೆ. ‘ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ’ ವಚನಕ್ಕೆ ಕೂಡಲಸಂಗಮದೇವ ಎಂದು ಮುದ್ರಿಸಿದ್ದಾರೆ. ಅದು ಬಸವಣ್ಣನವರಿಗಿಂತ ಹಿಂದಿನ ನೇಕಾರ ಜೇಡರ ದಾಸಿಮಯ್ಯನವರದು, ಅಂಕಿತ ರಾಮನಾಥ. ಬೇರೆ ಆಟದ ಸಾಮಾನಿನಲ್ಲಿ ಆಗಿದ್ದರೆ ಬಿಡಬಹುದಿತ್ತು. ಮಗು ಒಮ್ಮೆ ತಪ್ಪಾಗಿ ಕಲಿತರೆ ಅದೇ ಕೂತುಬಿಡುತ್ತದೆ.

ಇನ್ನೊಂದು ಕೊರತೆ. ಈ ವಚನಗಳು ನಮ್ಮ ಕೈಗೆ ಹೇಗೆ ಬಂದವು ಎಂಬುದು ಪೆಟ್ಟಿಗೆಯಲ್ಲಿ ಎಲ್ಲೂ ಇಲ್ಲ. ಫ. ಗು. ಹಳಕಟ್ಟಿಯವರು 1880ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲೇ. ವಕೀಲರಾಗಿದ್ದವರು ಮನೆಮನೆ ತಿರುಗಿ ತಾಳೆಗರಿ ಕೂಡಿಸಿದರು, ಇದ್ದ ಮನೆ ಮಾರಿ ವಿಜಯಪುರದಲ್ಲಿ ಮುದ್ರಣಾಲಯ ಮಾಡಿದರು. ಭಾನುವಾರ ‘ಇದಿರ ಹಳಿಯಲು ಬೇಡ’ ಪಾಠ ಬೇಗ ಮುಗಿಯಿತು, ಉಳಿದ ಹೊತ್ತಿನಲ್ಲಿ ಮಾವ ಮಕ್ಕಳಿಗೆ ಈ ಕಥೆ ಹೇಳಿದರು. ಮನೆ ಮಾರಿದ ಮೇಲೆ ಅವರು ಎಲ್ಲಿ ಮಲಗಿದರು ಎಂದು ಮಗ ಮೂರು ಸಲ ಕೇಳಿದ.

ತಯಾರಿಸಿದವರ ಹೆಸರು ನಾನು ಇಲ್ಲಿ ಬರೆದಿಲ್ಲ. ಸಣ್ಣ ಗುಂಪು, ಮನೆಯಲ್ಲೇ ಚೀಲ ಹೊಲಿದು ಕಳಿಸುವ ಹೆಣ್ಣುಮಕ್ಕಳು. ತಪ್ಪುಗಳನ್ನು ಅವರಿಗೇ ಫೋನ್ ಮಾಡಿ ಹೇಳುವುದು ಸರಿ ಎನ್ನಿಸಿತು. ಶರಣು ಶರಣಾರ್ಥಿ ಎಂದು ಮಾತು ಶುರು ಮಾಡಿದವರು ಅರ್ಧ ಗಂಟೆ ಕೇಳಿಸಿಕೊಂಡರು. ಶುಕ್ರವಾರದ ಪಾಠದ ಬಗ್ಗೆ ಮಾತ್ರ ನಮಗೆ ಒಮ್ಮತ ಆಗಲಿಲ್ಲ. ಇಷ್ಟು ಸಣ್ಣವರಿಗೆ ಜಾತಿಯ ಮಾತು ಬೇಡ ಎಂದು ಅವರ ಅಭಿಪ್ರಾಯ. ನಾನು ಕಪ್ಪಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯೋಚನೆ ಮಾಡುತ್ತೇವೆ ಎಂದರು.

ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಎಂದು ಪೆಟ್ಟಿಗೆಯ ಮೇಲಿದೆ, ನಾನು ಐದರಿಂದ ಎನ್ನುತ್ತೇನೆ. ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಒಂದು ಗಂಟೆ ಎಂದು ಕೈಪಿಡಿ ಹೇಳುತ್ತದೆ, ನಮಗೆ ಎರಡು ಬೇಕಾಯಿತು.

ಕಳೆದ ವಾರ ಅಂಚೆಯಲ್ಲಿ ತಿದ್ದಿದ ಕಾರ್ಡು ಬಂತು, ಹಣ ಕೇಳಲಿಲ್ಲ. ಹಳೆಯದನ್ನು ಬಿಸಾಡಲು ಮಗಳು ಬಿಡಲಿಲ್ಲ. ಕೂಡಲಸಂಗಮದೇವ ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ರಾಮನಾಥ ಎಂದು ತಾನೇ ಬರೆದು, ಕಟ್ಟಿನಲ್ಲೇ ಇಟ್ಟುಕೊಂಡಿದ್ದಾಳೆ.