ನಾಯಿಯ ಸೊಂಟಕ್ಕೆ ಯಾವುದು ಒಳ್ಳೆಯದು: ಮಸಾಜೋ, ನೀರಿನ ನಡಿಗೆಯೋ?

ಸೊಂಟ ನೋಯುವ ನಾಯಿ ಭಾರವನ್ನು ಮುಂಗಾಲುಗಳಿಗೆ ದಾಟಿಸುತ್ತದೆ. ಆಗ ಹಿಂಗಾಲನ್ನು ಹಿಂದಕ್ಕೆ ಒತ್ತುವ ಗ್ಲುಟಿಯಲ್ (ಪೃಷ್ಠದ) ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಸೊರಗಿದಷ್ಟೂ ಕೀಲಿಗೆ ಆಸರೆ ಕಡಿಮೆ. ಹಾಗಾಗಿ ನೋವು ಇಳಿಸಿದರೆ ಸಾಲದು, ಸ್ನಾಯುವನ್ನೂ ಬೆಳೆಸಬೇಕು.

ಮಸಾಜ್ ಬಿಗಿತ ಸಡಿಲಿಸುತ್ತದೆ. ಹೆದರುವ, ವಯಸ್ಸಾದ ನಾಯಿಗೆ ಒಳ್ಳೆಯ ಆರಂಭ. ಆದರೆ ಅದೊಂದರಿಂದಲೇ ಸ್ನಾಯು ಬಲವಾಗುವುದಿಲ್ಲ.

ನೀರಿನ ಟ್ರೆಡ್‌ಮಿಲ್‌ನ, ಅಂದರೆ ನೀರಿನ ತೊಟ್ಟಿಯೊಳಗೆ ಚಲಿಸುವ ಪಟ್ಟಿಯ ಮೇಲಿನ ನಡಿಗೆಯ, ಲಾಭ ಅಲ್ಲೇ ಇರುವುದು. ನೀರು ಸೊಂಟದ ಮಟ್ಟಕ್ಕಿದ್ದರೆ ಕಾಲುಗಳ ಮೇಲೆ ಬೀಳುವುದು ದೇಹತೂಕದ ಸುಮಾರು ಶೇ. 38 ಮಾತ್ರ. ಕೀಲಿಗೆ ಪೆಟ್ಟು ಕಡಿಮೆ, ನೀರನ್ನು ತಳ್ಳಬೇಕಾದ್ದರಿಂದ ಸ್ನಾಯುವಿಗೆ ದುಡಿಮೆ ಜಾಸ್ತಿ. ಈಜು ಇದಕ್ಕೆ ಸಮ ಅಲ್ಲ. ಎಷ್ಟೋ ನಾಯಿಗಳು ಮುಂಗಾಲಿನಲ್ಲೇ ಈಜಿಬಿಡುತ್ತವೆ! ತೆರೆದ ಗಾಯವಿದ್ದರೆ ನೀರು ಬೇಡ. ಹೃದಯದ ತೊಂದರೆ ಇದ್ದರೆ ವೈದ್ಯರು ಒಪ್ಪಬೇಕು.

ಮನೆಯಲ್ಲಾದರೆ ಕೂರಿಸಿ ಏಳಿಸುವ ವ್ಯಾಯಾಮ ಇದೆ. ಜಾರದ ನೆಲದ ಮೇಲೆ, ನಿಧಾನವಾಗಿ. ತೊಡೆ ಮತ್ತು ಪೃಷ್ಠ ಎರಡೂ ದುಡಿಯುತ್ತವೆ.

ತೊಡೆ ಕಣ್ಣಿಗೆ ಕಾಣುವಷ್ಟು ತೆಳುವಾಗಿದ್ದರೆ ನಾನು ನೀರಿನ ನಡಿಗೆಯನ್ನೇ ಆರಿಸುತ್ತೇನೆ, ಜೊತೆಗೆ ಮಸಾಜ್. ಬರೀ ಬಿಗಿತವಾದರೆ ಮಸಾಜ್, ಮನೆಯ ವ್ಯಾಯಾಮ ಸಾಕು. ಯಾವುದಕ್ಕೂ ಮೊದಲು ಪಶುವೈದ್ಯರಿಂದ ಕೀಲಿನ ಪರೀಕ್ಷೆ ಆಗಲೇಬೇಕು.