ಕುದುರೆ ಟ್ರೈಲರ್‌ನಲ್ಲಿ ಮನೆ ಮಾಡಿಕೊಂಡರೆ ತಗಲುವ ಖರ್ಚು: ದೀರ್ಘ ಬಳಕೆಯ ವಿಮರ್ಶೆ

ಗಾಡಿ: ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಗೂಸ್‌ನೆಕ್ (ಮುಂಭಾಗದ ಕತ್ತು ಟ್ರಕ್ ಬೆನ್ನಿನ ಮೇಲೆ ಕೂರುವ ಟ್ರೈಲರ್), ಮೂರು ಕುದುರೆ ಓರೆಯಾಗಿ ನಿಲ್ಲುವ ಸ್ಲ್ಯಾಂಟ್ ಲೋಡ್, 7 ಅಡಿ ಅಗಲ, ಮುಂದೆ 8 ಅಡಿಯ ಡ್ರೆಸ್ಸಿಂಗ್ ರೂಮ್.
ಬಳಕೆ: ಟೆಕ್ಸಸ್, ಒಕ್ಲಹೋಮ ಕಡೆಯ ಶೋಗಳು, ಟ್ರೇಲ್ ರೈಡ್‌ಗಳು.
ಕೆಲಸ: ಗ್ಯಾಸ್ ಲೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸ್ವಂತ ಕೈಯಲ್ಲಿ.

ಮೊದಲು ದುಡ್ಡಿನ ಮಾತು. ಆ ಡ್ರೆಸ್ಸಿಂಗ್ ರೂಮನ್ನು ಮಲಗುವ, ಅಡುಗೆ ಮಾಡುವ ಮನೆಯಾಗಿಸಲು ಅಂಗಡಿಗಳು ಕೇಳಿದ್ದು 28,000ದಿಂದ 40,000 ಡಾಲರ್. ಅವರು ಲೆಕ್ಕ ಹಾಕುವುದು ಶಾರ್ಟ್ ವಾಲ್ ಅಳತೆಯ ಮೇಲೆ. ಕುದುರೆ ಕಡೆಯ ಗೋಡೆ ಓರೆಯಾಗಿರುವುದರಿಂದ ಕೋಣೆಯ ಒಂದು ಪಕ್ಕ ಗಿಡ್ಡ, ಇನ್ನೊಂದು ಉದ್ದ. ಆ ಗಿಡ್ಡ ಪಕ್ಕವೇ ಶಾರ್ಟ್ ವಾಲ್, ದರ ಅದರ ಪ್ರತಿ ಅಡಿಗೆ ಇಷ್ಟೆಂದು. ಜಾಹೀರಾತಿನಲ್ಲಿ 8 ಅಡಿ ಎಂದಿದ್ದರೆ ಯಾವ ಪಕ್ಕದ 8 ಅಡಿ ಎಂದು ಕೇಳಿಯೇ ಮುಂದುವರಿಯಿರಿ.

ಸ್ವಂತ ಕೂಲಿ ಬಿಟ್ಟು ನಮ್ಮ ಬಿಲ್ 13,450 ಡಾಲರ್. ಇನ್ಸುಲೇಶನ್, ಪ್ಲೈವುಡ್, ಕಪಾಟು 2,250. ವೈರಿಂಗ್, 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, 400 ವಾಟ್ ಸೋಲಾರ್ ಸೇರಿ 2,200. ಫ್ರಿಜ್, ಎರಡು ಬರ್ನರ್ ಒಲೆ, ಹಾಸಿಗೆ, ಸೋಫಾಕ್ಕೆ 2,000. ಟ್ಯಾಂಕು, ಪಂಪು, ಗೀಸರ್, ಶವರ್, ಟಾಯ್ಲೆಟ್ 1,900. ಎಸಿ, ಅದರ ಸಾಫ್ಟ್ ಸ್ಟಾರ್ಟ್ (ಶುರುವಾಗುವಾಗ ಕರೆಂಟಿನ ಎಳೆತ ತಗ್ಗಿಸುವ ಸಾಧನ), ಛಾವಣಿ ಫ್ಯಾನ್, ಎರಡು ಕಿಟಕಿ ಇನ್ನೊಂದು 1,900. ಹೀಟರ್ ಮತ್ತು ಗ್ಯಾಸ್ ಲೈನ್ 1,350. ಸ್ಟೆಪ್ನಿ ಸೇರಿ ಐದು ಟೈರಿಗೆ 1,000. ಮಿಕ್ಕ 850 ಹೋಗಿದ್ದು ಸೀಲೆಂಟ್, ಸ್ಕ್ರೂ, ರಿವೆಟ್, ಬ್ಲೇಡುಗಳಿಗೆ. ಈ ಕೊನೆಯ ಬಾಬತ್ತನ್ನು ಯಾರೂ ಬಜೆಟ್‌ಗೆ ಹಾಕುವುದಿಲ್ಲ, ತಪ್ಪದೆ ಖರ್ಚಾಗುವುದು ಇದೇ.

ಟೈರು ಮನೆಯ ಖರ್ಚಲ್ಲ ಎಂದು ವಾದಿಸಬಹುದು. ಆದರೆ ಹಳೇ ಟ್ರೈಲರ್‌ನ ಟೈರು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಮುದಿಯಾಗುವುದು ಹೆಚ್ಚು. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದ ಸರಕು. ಐದಾರು ವರ್ಷ ದಾಟಿದ ಟೈರಿನ ಮೇಲೆ ಮನೆಯನ್ನೂ ಹೇರುವುದು ಬೇಡ.

ಇಲ್ಲಿಗೆ ಡಾಲರ್ ಲೆಕ್ಕ ಮುಗಿಯಿತು, ಪೌಂಡ್ ಲೆಕ್ಕ ಶುರು. ಈ ಕೆಲಸ ಕೆಡುವುದು ಹೆಚ್ಚಾಗಿ ತೂಕದಲ್ಲೇ. ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ನಲ್ಲಿ (ಲಾರಿ ತೂಗುವ ವೇಬ್ರಿಜ್) ತೂಗಿದಾಗ ಕೆಲಸಕ್ಕೆ ಮುಂಚೆ ಖಾಲಿ ಟ್ರೈಲರ್ 5,900 ಪೌಂಡ್. ಕೆಲಸ ಮುಗಿದ ಮೇಲೆ, ಟ್ಯಾಂಕು ಖಾಲಿ ಇದ್ದಾಗಲೇ 7,860. 25 ಗ್ಯಾಲನ್ ನೀರು ತುಂಬಿಸಿದರೆ 208 ಪೌಂಡ್, ಎರಡು ತುಂಬಿದ ಸಿಲಿಂಡರ್, ಬಟ್ಟೆ, ದಿನಸಿ ಎಲ್ಲ ಸೇರಿ 8,400 ಆಯಿತು. ಮೂರು ಕುದುರೆ 3,300, ಜೀನು, ಹುಲ್ಲು, ಕುದುರೆಗಳ ನೀರು 900. ಒಟ್ಟು 12,600. ಗಾಡಿಯ ಗರಿಷ್ಠ ಮಿತಿ 14,000. ಉಳಿದದ್ದು 1,400 ಪೌಂಡ್ ಅಷ್ಟೇ, ಅದೂ ಟ್ರೈಲರ್ ಅಲ್ಯೂಮಿನಿಯಂ ಆಗಿದ್ದಕ್ಕೆ. ಇದೇ ಅಳತೆಯ ಕಬ್ಬಿಣದ ಗಾಡಿಯಾದರೆ ಮೂರನೆಯ ಕುದುರೆಯನ್ನು ಮನೆಯಲ್ಲೇ ಬಿಟ್ಟು ಹೊರಡುವ ಸ್ಥಿತಿ ಬರಬಹುದು.

ಗೂಸ್‌ನೆಕ್‌ನಲ್ಲಿ ಒಟ್ಟು ತೂಕದ ಶೇ. 20ರಿಂದ 25ರಷ್ಟು ಟ್ರಕ್ ಬೆನ್ನಿನ ಮೇಲೆ ಕೂರುತ್ತದೆ. ಇಲ್ಲಿ ಅದು 2,500ರಿಂದ 3,150 ಪೌಂಡ್. ಮನೆಯಿರುವುದು ಮುಂಭಾಗದಲ್ಲಾದ್ದರಿಂದ ಸೇರಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಸ್ಟಿಕರ್‌ನಲ್ಲಿ ಪೇಲೋಡ್, ಅಂದರೆ ಟ್ರಕ್ ಹೊರಬಹುದಾದ ತೂಕ, ಎಷ್ಟಿದೆ ನೋಡಿ. ಮುಕ್ಕಾಲು ಟನ್ ದರ್ಜೆಯ ಟ್ರಕ್ ಇಟ್ಟುಕೊಂಡವರು ಈ ಕೆಲಸಕ್ಕೆ ಕೈ ಹಾಕಿ, ಕೊನೆಗೆ ಅದಕ್ಕಿಂತ ದೊಡ್ಡ, ಒಂದು ಟನ್ ದರ್ಜೆಯ ಟ್ರಕ್ ಕೊಳ್ಳಬೇಕಾಗಿ ಬಂದರೆ ಮೇಲಿನ ಬಿಲ್ಲಿಗೆ ಅರ್ಥವೇ ಇಲ್ಲ.

ತೂಕ ಉಳಿಸಬಹುದಾದದ್ದು ಮರದಲ್ಲಿ. ಮುಕ್ಕಾಲು ಇಂಚಿನ ಎಂಡಿಎಫ್‌ನ 4x8 ಹಾಳೆ ಸುಮಾರು 95 ಪೌಂಡ್. ಕಾಲಿಂಚಿನ ಪ್ಲೈವುಡ್ ಇಪ್ಪತ್ತೆರಡರ ಆಸುಪಾಸು. ಕಪಾಟಿಗೆ ತೆಳು ಪ್ಲೈವುಡ್ಡಿನ ಚೌಕಟ್ಟು ಸಾಕು. ಮನೆಗೆ ಮಾಡುವ ಅಡುಗೆ ಕಪಾಟು ತಂದು ಕೂರಿಸಿದರೆ ತೂಕ ಏರುವುದಲ್ಲದೆ, ಹೆದ್ದಾರಿಯ ಕುಲುಕಾಟಕ್ಕೆ ಸ್ಟೇಪಲ್ ಕಿತ್ತುಬರುತ್ತವೆ.

ಇನ್ನು ಗೋಡೆ. ಅಲ್ಯೂಮಿನಿಯಂ ಬಿಸಿಲಿಗೆ ಕಾಯುವುದೂ ಬೇಗ, ರಾತ್ರಿ ತಣಿಯುವುದೂ ಬೇಗ. ಒಳಗೆ ಇಬ್ಬರು ಮಲಗಿ ಉಸಿರಾಡಿದರೂ ಸಾಕು, ಚಳಿ ದಿನ ಬೆಳಗ್ಗೆ ಪಕ್ಕೆಲುಬಿನಂಥ ರಿಬ್‌ಗಳ ಮೇಲೆ ನೀರು ಹನಿ ಕಟ್ಟಿರುತ್ತದೆ. ಅದಕ್ಕೆ ರಿಬ್‌ಗಳ ನಡುವೆ ಒಂದೂವರೆ ಇಂಚಿನ ಪಾಲಿಐಸೋ ಎಂಬ ಗಟ್ಟಿ ಫೋಮ್ ಹಲಗೆ, ಸುತ್ತಲ ಸಂದಿಗೆ ಸ್ಪ್ರೇ ಫೋಮ್, ಆಮೇಲೆ ರಿಬ್‌ನ ಮುಖಕ್ಕೇ ಕಾಲಿಂಚಿನ ಫೋಮ್ ಪಟ್ಟಿ. ಈ ಪಟ್ಟಿ ಬಿಟ್ಟರೆ ಒಳಪ್ಯಾನೆಲ್ ಮೇಲೆ ರಿಬ್ ಇರುವ ಕಡೆಯೆಲ್ಲ ಕಪ್ಪು ಗೆರೆಯ ಬೂಷ್ಟು ಮೂಡುತ್ತದೆ. ಫೈಬರ್ ಗ್ಲಾಸ್ ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ತಾಮ್ರ ಬೆರೆಸಿದ ಟ್ರೀಟೆಡ್ ಪ್ಲೈವುಡ್ಡೂ ಬೇಡ. ಅದು ತಗುಲಿದ ಕಡೆ ಅಲ್ಯೂಮಿನಿಯಂ ಪುಡಿಪುಡಿಯಾಗಿ ತಿಂದುಹೋಗುತ್ತದೆ. ಗೂಸ್‌ನೆಕ್‌ನ ಮೂತಿಯ ಮೇಲಿರುವ ಹಾಸಿಗೆಯ ಅಡಿಗೆ ಗಾಳಿಯಾಡುವ ಪಟ್ಟಿಗಳ ಮಂಚ ಹಾಕಿ. ನೇರ ತಗಡಿನ ಮೇಲೆ ಹಾಸಿದ ಹಾಸಿಗೆ ಒಂದೇ ಚಳಿಗಾಲದಲ್ಲಿ ಅಡಿಯಿಂದ ಕೊಳೆಯಲು ಹತ್ತುತ್ತದೆ.

ಕುದುರೆಗೂ ಮನೆಗೂ ನಡುವಿನ ಗೋಡೆಗೆ ಬೇರೆಯೇ ನಿಯಮ. ಅಲ್ಲಿ ಮರವೇ ಇರಬಾರದು. ಕುದುರೆ ಮೂತ್ರದ ಅಮೋನಿಯಾ ಹಗುರ ಅನಿಲ, ಮೇಲೇರಿ ಸಣ್ಣ ಸಂದಿ ಸಿಕ್ಕರೂ ಒಳಗೆ ಬರುತ್ತದೆ. ಫೋಮ್ ಹಲಗೆಯ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ, ಅಂಚಿಗೆಲ್ಲ ಪಾಲಿಯುರೆಥೇನ್ ಸೀಲೆಂಟ್ ಹಾಕಿ, ನಡುಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ ಕೊಟ್ಟ ಮೇಲೆ ವಾಸನೆ ನಿಂತಿತು. ಕೆಲವರು ಆ ಬಾಗಿಲನ್ನೇ ಮುಚ್ಚಿಬಿಡುತ್ತಾರೆ; ಮಳೆಯಲ್ಲಿ ಕುದುರೆ ನೋಡಲು ಹೊರಗೆ ಸುತ್ತಿ ಹೋಗುವ ತಾಪತ್ರಯ ಇಲ್ಲವೆಂಬ ಒಂದೇ ಕಾರಣಕ್ಕೆ ಅದು ಇರಲಿ ಎನ್ನುವುದು ನಮ್ಮ ಪಕ್ಷ.

ಛಾವಣಿಗೆ ಎಸಿ ಕೂರಿಸಲು 14 ಇಂಚು ಚೌಕದ ರಂಧ್ರ ಬೇಕು. ಎರಡು ರೂಫ್ ಬೋಗಳ (ಛಾವಣಿಯನ್ನು ಹೊರುವ ಅಡ್ಡ ಪಟ್ಟಿಗಳ) ನಡುವೆಯೇ ಕೊಯ್ಯಿರಿ, ಬೋ ಕತ್ತರಿಸಬೇಡಿ. ಸುತ್ತ ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪಿನ ಚೌಕಟ್ಟು ಕಟ್ಟಿ. ಫ್ಯಾನ್ ಮತ್ತು ಕಿಟಕಿಗಳ ಫ್ಲ್ಯಾಂಜ್ (ಹೊರಚಾಚಿದ ಅಂಚು) ಕೆಳಗೆ ಮೆತ್ತನೆಯ ಅಂಟು ಪಟ್ಟಿಯಾದ ಬ್ಯುಟೈಲ್ ಟೇಪ್, ಛಾವಣಿಯಲ್ಲಿ ಅದರ ಮೇಲೆ ತಾನೇ ಸಮನಾಗಿ ಹರಡುವ ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲೆಂಟ್. ಸಿಲಿಕೋನ್ ಬಳಿದುಬಿಟ್ಟರೆ ಮುಂದೆ ಅದರ ಮೇಲೆ ಇನ್ನಾವುದೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಎಸಿಯ ಗ್ಯಾಸ್ಕೆಟ್ ಅರ್ಧ ದಪ್ಪಕ್ಕೆ ಕುಗ್ಗುವಷ್ಟು ಬೋಲ್ಟ್ ಬಿಗಿ ಮಾಡಿ, ಮೊದಲ ಪ್ರಯಾಣ ಮುಗಿದ ಮೇಲೆ ಮತ್ತೆ ನೋಡಿ, ಸಡಿಲವಾಗಿರುತ್ತದೆ.

ಕರೆಂಟು: 30 ಆಂಪಿಯರ್, 120 ವೋಲ್ಟ್, ಅಂದರೆ 3,600 ವಾಟ್. ಎಸಿ ಸುಮಾರು 1,500, ಗೀಸರ್‌ನ ಕಾಯಿಲ್ 1,440. ಜತೆಗೆ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಳಗಿನ ಬ್ರೇಕರ್ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಕೂಡದು. ಸೇರಿಸಿದರೆ ಟ್ರೈಲರ್ ಮೈಗೇ ಕರೆಂಟು ಬರುವ ಅಪಾಯವಿದೆ, ಕಟ್ಟಿದ ಕುದುರೆ ಒದ್ದೆ ನೆಲದ ಮೇಲೆ ನಿಂತಿರುತ್ತದೆ. ಇನ್ನೊಂದು ಗಂಡಾಂತರ ರ‍್ಯಾಂಚ್‌ಗಳಲ್ಲಿ: ಆರ್‌ವಿಯ (ಮನೆಯಿರುವ ಗಾಡಿಯ) 30 ಆಂಪಿಯರ್ ಸಾಕೆಟ್ಟನ್ನು 240 ವೋಲ್ಟಿನದು ಎಂದುಕೊಂಡು ಹಾಗೇ ವೈರ್ ಮಾಡಿದ ಎಲೆಕ್ಟ್ರೀಷಿಯನ್‌ಗಳಿದ್ದಾರೆ. ಪ್ಲಗ್ ಹಾಕುವ ಮುನ್ನ ಮೀಟರ್ ಹಿಡಿಯಿರಿ. ಫ್ರಿಜ್ 12 ವೋಲ್ಟಿನ ಕಂಪ್ರೆಸರ್ ಇರುವುದೇ ಇರಲಿ. ಗ್ಯಾಸಿನ ಅಬ್ಸಾರ್ಪ್ಶನ್ ಫ್ರಿಜ್‌ಗೆ ಗಾಡಿ ಸಮತಟ್ಟಾಗಿ ನಿಲ್ಲಬೇಕು, ಹುಲ್ಲುಗಾವಲಿನಲ್ಲಿ ಅಂಥ ಜಾಗ ಸಿಗುವುದಿಲ್ಲ.

ಅಡುಗೆಯ ವಿಷಯದಲ್ಲಿ ನಮ್ಮವರಿಗೆ ಎರಡು ಕಿವಿಮಾತು. ಬೆಂಗಳೂರಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ಓಡುವುದಿಲ್ಲ, 120 ವೋಲ್ಟಿನದೇ ಕೊಳ್ಳಿ. ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಪ್ರತಿ ಸಲವೂ ಕೂಗುತ್ತದೆ. ಛಾವಣಿ ಫ್ಯಾನನ್ನು ಒಲೆಯ ನೆತ್ತಿಗೇ ಇಟ್ಟರೆ ಅರ್ಧ ಸಮಸ್ಯೆ ತೀರಿತು. ಅಲಾರಂನ ಬ್ಯಾಟರಿ ಮಾತ್ರ ಕೀಳಬೇಡಿ. ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಮತ್ತು ನೆಲದ ಹತ್ತಿರ ಗ್ಯಾಸ್ ಡಿಟೆಕ್ಟರ್ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ.

ನೀರಿನ ವ್ಯವಸ್ಥೆ ತಂಟೆ ಕೊಟ್ಟಿದ್ದು ಕಡಿಮೆ. ಅರ್ಧ ಇಂಚಿನ ಪೆಕ್ಸ್ ಪ್ಲಾಸ್ಟಿಕ್ ಪೈಪು, ಡ್ರೈನ್‌ಗೆ ಪ್ರತಿ ಅಡಿಗೆ ಕಾಲಿಂಚು ಇಳಿಜಾರು, ಅಷ್ಟೇ. ಚಳಿಗೆ ಮುಂಚೆ ಗೀಸರ್ ಖಾಲಿ ಮಾಡಿ ಬೈಪಾಸ್ ಹಾಕಿ, ಎರಡು ಮೂರು ಗ್ಯಾಲನ್ ಆರ್‌ವಿ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಪೈಪುಗಳಲ್ಲಿ ಓಡಿಸಬೇಕು. ಸ್ಟೀಲ್ ಟ್ಯಾಂಕಿನ ಗೀಸರ್ ಆದರೆ, ಟ್ಯಾಂಕಿನ ಬದಲು ತಾನು ಸವೆಯುವ ಆನೋಡ್ ರಾಡ್ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ.

ವರ್ಷದ ಬಾಕಿ ಕೆಲಸ: ಛಾವಣಿ ಸೀಲೆಂಟ್ ಪರೀಕ್ಷೆ, ವೀಲ್ ಬೇರಿಂಗ್‌ಗೆ ಗ್ರೀಸ್, ಸ್ಟಾಲ್‌ನ ರಬ್ಬರ್ ಮ್ಯಾಟ್ ಎತ್ತಿ ನೆಲ ತೊಳೆಯುವುದು. ಮೂರನೆಯದನ್ನು ಮರೆತರೆ ನೆಲದ ಅಲ್ಯೂಮಿನಿಯಂನಲ್ಲಿ ಗುಂಡಿ ಬೀಳುತ್ತದೆ, ಆಗ ಮೇಲಿನ ಮನೆ ಎಷ್ಟು ಚೆನ್ನಾಗಿದ್ದರೂ ಗಾಡಿ ಗುಜರಿಗೆ.

ಯಾರಿಗೆ ಬೇಡ? ಗಾಡಿಯನ್ನು ಇನ್ನೂ ಕೊಳ್ಳಬೇಕಾದವರಿಗೆ. ಅವರು ಫ್ಯಾಕ್ಟರಿಯಲ್ಲೇ ಮನೆ ಮಾಡಿದ ಸೆಕೆಂಡ್ ಹ್ಯಾಂಡ್ ಟ್ರೈಲರ್ ಹುಡುಕುವುದು ಲಾಭ, ಸಾಲ ಮತ್ತು ವಿಮೆಯೂ ಸಲೀಸು. ಮಲಗಲು, ಅಡುಗೆಗೆ, ಶೌಚಕ್ಕೆ ಮೂರಕ್ಕೂ ಅನುಕೂಲವಿದ್ದು, ಸಾಲಕ್ಕೆ ಗಾಡಿಯೇ ಅಡವಾಗಿದ್ದರೆ, ಅಮೆರಿಕದ ಆದಾಯ ತೆರಿಗೆಯಲ್ಲಿ ಅದು ಎರಡನೇ ಮನೆಯೆಂದು ಬಡ್ಡಿ ವಿನಾಯಿತಿಗೆ ಅರ್ಹವಾಗಬಹುದು. ಆಡಿಟರ್ ಹತ್ತಿರ ಕೇಳಿ. ಒಳ್ಳೆಯ ಟ್ರೈಲರ್ ಆಗಲೇ ಅಂಗಳದಲ್ಲಿದ್ದು, ಟ್ರಕ್ಕೂ ತಾಳುವಂತಿದ್ದರೆ ಮಾತ್ರ ಸ್ವಂತ ಕೆಲಸ ಗಿಟ್ಟುತ್ತದೆ.

ಪ್ಯಾನೆಲ್ ಮುಚ್ಚುವ ಮುಂಚೆ ಪ್ರತಿ ವೈರು, ಪೈಪು, ರಿಬ್‌ನ ಫೋಟೊ ಟೇಪ್ ಅಳತೆ ಹಿಡಿದೇ ತೆಗೆದಿಡಿ, ಗ್ಯಾಸ್ ಲೈನಿನ ಪ್ರೆಶರ್ ಟೆಸ್ಟ್ ಬರೆಸಿಕೊಳ್ಳಿ. ನಾಳೆ ಸ್ಕ್ರೂ ಹೊಡೆಯುವಾಗಲೂ ಬೇಕು, ಮಾರುವಾಗ ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ.